ಸಿಡಿಯದ ತೋಟೆ

ನಮ್ಮ ಕುಂಬಳೆಯ ಕಡೆ ಬೆಡಿ ಎಂಬ ಮಾತಿಗೆ ಎರಡರ್ಥ. ಮಕರ ಮಾಸದಲ್ಲಿ ಗೋಪಾಲಕೃಷ್ಣ ದೇವರ ಉತ್ಸವದ ಇರುಳು ಆಗಸದಲ್ಲಿ ಸಿಡಿಯುವುದೂ ಬೆಡಿಯೇ. ಕೃಷಿಕನ ಮನೆಯ ಒಳಕೋಣೆಯಲ್ಲಿ ಬೀಗದೊಳಗಿರುವ ಕೋವಿಯೂ ಬೆಡಿಯೇ. ಮೊದಲನೆಯದರ ವೈಭವವನ್ನು ಬಲ್ಲವರು ಬಹಳ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಎರಡನೆಯದರ ವಿಷಯ. ಅದಕ್ಕಿಂತಲೂ ಹೆಚ್ಚಾಗಿ ನನ್ನ ಅವಿವೇಕದ ವಿಷಯ.

ಕೋವಿ ಅಜ್ಜನ ಕಾಲದ್ದು. ಒಂಟಿ ನಳಿಗೆಯ, ಹೊರಗೆ ಕುದುರೆಯಿರುವ ತೋಟೆಕೋವಿ. ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ದಿನಗಳಲ್ಲಿ ಅವರು ಅದನ್ನು ಮಂಗಳೂರಿನಲ್ಲಿ ಕೊಂಡರು, ಪರವಾನಗಿಯೂ ಅಲ್ಲಿಯದೇ. 1956ರ ನವೆಂಬರಿನಲ್ಲಿ ನಾವು ಕೇರಳದವರಾದೆವು. ಮುಂದೆ ಕಣ್ಣೂರು ಜಿಲ್ಲೆಯವರಾಗಿದ್ದು, 1984ರಲ್ಲಿ ಕಾಸರಗೋಡು ಜಿಲ್ಲೆಯವರಾದೆವು. ಮೂರು ಜಿಲ್ಲೆಗಳ ಮೊಹರು ಬಿದ್ದ ಆ ಹಳೆಯ ಕಾಗದಗಳನ್ನು ತಂದೆಯವರು ಜಾತಕಗಳ ಜೊತೆಯಲ್ಲಿಯೇ ಕಾಪಾಡಿದ್ದರು. ಅವರ ಕಾಲಾನಂತರ ಕೋವಿ ನನ್ನ ಹೆಸರಿಗೆ ಬಂತು. ನಾನು ಅದನ್ನು ಬಟ್ಟೆಯ ಚೀಲದಲ್ಲಿ ಸುತ್ತಿಟ್ಟು ನಿಶ್ಚಿಂತನಾದೆ. ಕಡಲಿನ ಉಪ್ಪುಗಾಳಿಯ ಊರಿನಲ್ಲಿ ಬಟ್ಟೆ ತೇವವನ್ನು ಹೀರಿ ಕಬ್ಬಿಣಕ್ಕೆ ಉಣಿಸುತ್ತದೆ ಎಂಬಷ್ಟು ಸಾಮಾನ್ಯಜ್ಞಾನವೂ ಮುಖ್ಯೋಪಾಧ್ಯಾಯನಿಗೆ ಹೊಳೆಯಲಿಲ್ಲ.

2022ರ ಮೇ ತಿಂಗಳಲ್ಲಿ, ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಪರವಾನಗಿಯುಳ್ಳ ಕೋವಿಯಿಂದ ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರವು ಪಂಚಾಯತ್ ಅಧ್ಯಕ್ಷರಿಗೆ ನೀಡಿತು. ನಮ್ಮ ತೋಟದಲ್ಲಿಯೂ ಗೆಣಸು, ಎಳೆಯ ಅಡಕೆ ಸಸಿಗಳು ಒಂದೇ ರಾತ್ರಿಯಲ್ಲಿ ನೆಲಸಮವಾಗುತ್ತಿದ್ದವು. ಚೀಲದಿಂದ ಕೋವಿಯನ್ನು ತೆಗೆದು ನೋಡಿದರೆ ನಳಿಗೆಯ ಮೇಲೆಲ್ಲ ತುಕ್ಕಿನ ಕಲೆ. ಕುದುರೆಯ ಸ್ಪ್ರಿಂಗ್ ಮುರಿದಿತ್ತು, ತೋಟೆಗೆ ಬಡಿಯುವ ಸೂಜಿಯ ಮೊನೆ ಸವೆದಿತ್ತು. ಪರವಾನಗಿಯುಳ್ಳ ಅಂಗಡಿಯೊಂದರಿಂದ ಈ ಎರಡನ್ನೂ ಹೊಸದಾಗಿ ತಂದೆ. ಬೇಸಗೆ ರಜೆ. ಕೈ ಸುಮ್ಮನಿರಲಿಲ್ಲ.

ತಿರುಪುಗಳನ್ನು ಬಿಚ್ಚಿ, ಒಳಗಿನ ಒಂದೊಂದು ತುಂಡನ್ನೂ ಉಜ್ಜುಕಾಗದದಿಂದ ತಿಕ್ಕಿ ಕನ್ನಡಿಯಂತೆ ಮಾಡಿದೆ. ನಳಿಗೆಗೆ ನೀಲಿಗಪ್ಪು ಬಣ್ಣ ಏರಿಸಿ, ಮರದ ಹಿಡಿಗೆ ಮೂರು ಸಲ ವಾರ್ನಿಷ್ ಬಳಿದೆ. ಮತ್ತೆ ಜೋಡಿಸಿದಾಗ ಒಂದು ತಿರುಪೂ ಉಳಿಯಲಿಲ್ಲವೆಂಬುದೇ ನನಗೆ ದೊಡ್ಡ ಪ್ರಶಸ್ತಿಪತ್ರವಾಯಿತು. ಮನೆಗೆ ಬಂದವರು ಹೊಗಳಿದರು. ಕೋವಿ ಮಾತ್ರ ಸಿಡಿಯಲಿಲ್ಲ! ಜೂನ್ ತಿಂಗಳ ಮಳೆಯಲ್ಲಿ ಎರಡು ಬಾರಿ ಪ್ರಯತ್ನಿಸಿದೆ. ಕುದುರೆ ಬೀಳುತ್ತಿತ್ತು, 'ಟಿಕ್' ಎನ್ನುತ್ತಿತ್ತು, ಅಷ್ಟೇ. ಹಾಗಾದಾಗ ಕೂಡಲೇ ಕೋವಿಯನ್ನು ಮುರಿದು ನೋಡಬಾರದು. ತೋಟೆ ತಡವಾಗಿ ಸಿಡಿಯುವುದೂ ಉಂಟು. ಬಾಯಿಯನ್ನು ನಿರಪಾಯವಾದ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಅದೊಂದನ್ನು ತಂದೆಯವರು ಕಲಿಸಿದ್ದರು, ನಾನು ಪಾಲಿಸಿದೆ. ತೆಗೆದು ನೋಡಿದರೆ ತೋಟೆಯ ಕೇಪಿನ ಮೇಲೆ ಗುರುತೂ ಕಾಣದಷ್ಟು ಸಣ್ಣ ತಗ್ಗು. ಹೊಸ ಸ್ಪ್ರಿಂಗಿಗೆ ಕಸುವು ಸಾಲದೆಂದು ತೀರ್ಮಾನಿಸಿ, ಇನ್ನೂ ಬಿಗಿಯಾದುದೊಂದನ್ನು ತರಿಸಲು ಅಂಗಡಿಗೆ ಹೇಳಿದೆ.

ಅದು ಬರುವುದಕ್ಕೆ ಮೊದಲೇ ಆ ರಾತ್ರಿ ಬಂತು. ತೋಟದ ಕೆಳಗಣ ಅಂಚಿನಲ್ಲಿ ಹಂದಿಗಳ ಗುಟುರು ಕೇಳಿ, ಕಾಲೇಜಿನ ರಜೆಗೆ ಬಂದಿದ್ದ ಮಗನ ಕೈಗೆ ಟಾರ್ಚು ಕೊಟ್ಟು ಹೊರಟೆ. ಕೋವಿಯಲ್ಲಿ ತೋಟೆ, ಕುದುರೆ ಪೂರ್ತಿ ಎತ್ತಿತ್ತು. ಮುರಕಲ್ಲಿನ ಮೆಟ್ಟಿಲಿಳಿಯುವಾಗ ಸದ್ದಾಯಿತೆಂದು ಹೊರಳಿದೆ. ಕೋವಿಯ ಹಿಂಬದಿ ಕಲ್ಲಿಗೆ ತಗಲಿತು. ಟ್ರಿಗರಿನ ಮೇಲೆ ನನ್ನ ಬೆರಳಿರಲಿಲ್ಲ. ಆದರೂ ಕುದುರೆ ಬಿತ್ತು. ಟಿಕ್.

ನಳಿಗೆಯ ಬಾಯಿ ಎರಡು ಮೆಟ್ಟಿಲು ಮೇಲೆ ನಿಂತಿದ್ದ ಮಗನ ಎದೆಗೆ ನೇರವಾಗಿತ್ತು.

"ಎಂತ ಅಪ್ಪ, ಪುನಃ ಸಿಡಿಯಲಿಲ್ಲವಾ?" ಎಂದು ಅವನು ನಕ್ಕ. ನನ್ನಿಂದ ಉತ್ತರ ಹೊರಡಲಿಲ್ಲ. ಕೋವಿಯ ಬಾಯಿಯನ್ನು ತೋಡಿನ ಕಡೆಗೆ ತಿರುಗಿಸಿ ಹಾಗೆಯೇ ನಿಂತೆ. ಆ ಅರ್ಧ ನಿಮಿಷದಷ್ಟು ದೀರ್ಘವಾದ ಕಾಲವನ್ನು ನಾನು ಕಂಡಿಲ್ಲ.

ದುರಸ್ತಿಗೆ ಮಂಗಳೂರು ಹತ್ತಿರ, 40 ಕಿಲೋಮೀಟರು. ಆದರೆ ನನ್ನ ಪರವಾನಗಿಯ ವ್ಯಾಪ್ತಿ ಕೇರಳ ರಾಜ್ಯ. ಕೋವಿ ತಾನು ಹೊರಟುಬಂದ ಊರಿಗೆ ತಲಪಾಡಿ ದಾಟಿ ಹೋಗುವಂತಿಲ್ಲ! ಹೀಗಾಗಿ ತೆಂಕಲಾಗಿ ದೂರದ ಜಿಲ್ಲೆಯೊಂದರಲ್ಲಿದ್ದ ವೃದ್ಧ ಕುಶಲಕರ್ಮಿಯೊಬ್ಬರಲ್ಲಿಗೆ ಕೊಂಡೊಯ್ದೆ. 1959ರ ಆಯುಧ ಕಾಯಿದೆಯ ಪ್ರಕಾರ ಕೋವಿ ರಿಪೇರಿಯ ಕಸುಬಿಗೂ ಬೇರೆಯೇ ಪರವಾನಗಿ ಬೇಕು. ಅವರಲ್ಲಿ ಅದು ಇತ್ತು.

ನಾನು ಸಿಡಿಯದಿರುವ ದೂರನ್ನೇ ಮೊದಲು ಹೇಳಿದೆ. ಅವರು ಅದನ್ನು ಕೇಳಿಸಿಕೊಂಡಂತೆ ತೋರಲಿಲ್ಲ. ಕೋವಿ ಖಾಲಿಯಿದೆಯೆಂದು ಎರಡು ಸಲ ನೋಡಿದರು. ಕುದುರೆಯನ್ನೆತ್ತಿ ಹೆಬ್ಬೆರಳಿನಿಂದ ಹಿಂದಿನಿಂದ ಒತ್ತಿದರು. ಅದು ಜಾರಿತು. ಅರ್ಧಕ್ಕೆ ಎತ್ತಿ ಒತ್ತಿದರು. ಮತ್ತೂ ಜಾರಿತು.

"ಮಾಷೇ, ಇದನ್ನು ಹೊಳೆಯುವಂತೆ ಮಾಡಿದವರು ಯಾರು?" ಎಂದು ಮಲಯಾಳದಲ್ಲಿ ಕೇಳಿದರು.

ಒಪ್ಪಿಕೊಂಡೆ. ಕುದುರೆಯೊಡನೆ ತಿರುಗುವ ತುಂಡಿನಲ್ಲಿ ಎರಡು ಕಚ್ಚುಗಳಿವೆ: ಪೂರ್ತಿ ಎತ್ತಿದಾಗ ತಡೆಯಲು ಒಂದು, ಅರ್ಧದಲ್ಲಿ ತಡೆಯಲು ಇನ್ನೊಂದು. ಟ್ರಿಗರಿಗೆ ತಾಗಿದ ನಾಲಗೆಯೊಂದು ಆ ಕಚ್ಚಿನಲ್ಲಿ ಕೂರುತ್ತದೆ. ಕಚ್ಚಿನ ಅಂಚು ಚೂಪಾಗಿರಬೇಕು. ನನ್ನ ಉಜ್ಜುಕಾಗದ ಅದನ್ನು ಗುಂಡಗೆ ಮಾಡಿತ್ತು. ಅಷ್ಟೇ ಅಲ್ಲ, ಇಂತಹ ತುಂಡುಗಳನ್ನು ಕಾಯಿಸಿ ಹದಗೊಳಿಸಿರುವುದು ಮೇಲಿನ ತೆಳುಪದರದಲ್ಲಿ ಮಾತ್ರ. ಅದು ಹೋದರೆ ಒಳಗಿನದು ಮೆತ್ತನೆಯ ಕಬ್ಬಿಣ. ಹಳೆಯ ಕೋವಿಗಳಲ್ಲಿ ಒಂದು ತುಂಡನ್ನು ಇನ್ನೊಂದರ ಅಳತೆಗೆ ಕೈಯಿಂದಲೇ ಅರದಿಂದ ಉಜ್ಜಿ ಕೂರಿಸಿರುತ್ತಾರೆ. ತುಂಡುಗಳ ಮೇಲೆ ಚುಚ್ಚಿದ ಸಣ್ಣ ಗುರುತುಗಳನ್ನು ಅವರು ಭೂತಗನ್ನಡಿಯಲ್ಲಿ ತೋರಿಸಿದರು. ಕೆಲವನ್ನು ನಾನು ತುಕ್ಕಿನ ಜೊತೆಗೇ ಅಳಿಸಿಹಾಕಿದ್ದೆ.

ಸಿಡಿಯದ ಕಾರಣ ಬೇರೆ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಒಳಯಂತ್ರಕ್ಕೆ ತೆಳುವಾಗಿ ಸವರಿ, ಮರದಲ್ಲಿ ಕೂರಿಸಿ ತೆಗೆದರು. ವಾರ್ನಿಷ್ ತುಂಬಿ, ಮಳೆಗೆ ಉಬ್ಬಿದ ಮರ ಎಲ್ಲಿ ಸ್ಪ್ರಿಂಗನ್ನು ಮುಟ್ಟುತ್ತಿತ್ತೋ ಅಲ್ಲೆಲ್ಲ ಕಪ್ಪಾಯಿತು. ಸೂಜಿಯ ತೂತಿನೊಳಗೆ ಪಾಲಿಷಿನ ಕಿಟ್ಟ ಒಣಗಿ ನಿಂತಿತ್ತು. ಸ್ಪ್ರಿಂಗಿನಲ್ಲಿ ದೋಷವೇ ಇರಲಿಲ್ಲ.

ಶಿಕ್ಷಕ ತರಬೇತಿಯಲ್ಲಿ ನೈದಾನಿಕ ಪರೀಕ್ಷೆ ಎಂಬ ಪಾಠವೊಂದಿದೆ. ಮಗುವಿನ ಲೆಕ್ಕದಲ್ಲಿ ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಬರುವುದುಂಟು. ಉತ್ತರಕ್ಕೆ ಅಂಕ ಕೊಟ್ಟು ಮುಂದೆ ಸಾಗುವ ಉಪಾಧ್ಯಾಯನಿಗೆ ಅದು ತಿಳಿಯುವುದಿಲ್ಲ. ಮೂವತ್ತು ವರ್ಷ ಇದನ್ನು ಎಳೆಯ ಶಿಕ್ಷಕರಿಗೆ ಹೇಳುತ್ತ ಬಂದವನು ನಾನು. ನನ್ನ ಕೋವಿಯ ಒಂದು ದೋಷ ಇನ್ನೊಂದನ್ನು ಮುಚ್ಚಿ ಹಿಡಿದಿತ್ತು. ನಾನು ಶಪಿಸುತ್ತಿದ್ದ ದೋಷ ಯಾವುದೋ ಅದೇ ನನ್ನ ಮಗನನ್ನು ಉಳಿಸಿತು. ಬಿಗಿಯಾದ ಸ್ಪ್ರಿಂಗ್ ಒಂದು ವಾರ ಮೊದಲೇ ಬಂದಿದ್ದರೆ? ಈ ಪ್ರಶ್ನೆಯನ್ನು ಮುಂದುವರಿಸುವ ಧೈರ್ಯ ನನಗಿಲ್ಲ.

ಅವರು ಕಚ್ಚಿನ ತುಂಡನ್ನು ಬಿಸುಟು ಹೊಸದನ್ನು ಅರದಿಂದ ಉಜ್ಜಿ, ಹದಗೊಳಿಸಿ, ನಾಲಗೆಗೆ ಹೊಂದಿಸಿದರು. ಅದು ಸರಿಯಾಗಿ ನಿಂತ ಮೇಲೆಯೇ ಮರವನ್ನು ಕೆತ್ತಲು ಕೈಹಾಕಿದರು. ಮೊದಲು ತಡೆಯುವುದು ಸರಿಯಾಗಲಿ, ಸಿಡಿಯುವುದು ಆಮೇಲೆ ಎಂದರು. ಕೋವಿ ಈಗ ಸರಿಯಾಗಿದೆ. ತೋಟೆಗಳು ಬೇರೆ ಕಪಾಟಿನಲ್ಲಿವೆ. ಇರುಳಲ್ಲಿ ಕುದುರೆಯೆತ್ತಿ ನಡೆಯುವುದನ್ನು ಬಿಟ್ಟಿದ್ದೇನೆ. ಹಂದಿಗಳಿಗೆ ಬೇಲಿಯೇ ಗತಿಯೆಂದಾಗಿದೆ.

ಅಂದು ಕೇಪಿನ ಮೇಲೆ ಸಣ್ಣ ತಗ್ಗು ಬಿದ್ದ ಆ ತೋಟೆಯನ್ನು ಅವರು ನನ್ನಿಂದ ತೆಗೆದುಕೊಂಡು ನಿರುಪಯುಕ್ತಗೊಳಿಸಿದರು. ನಡೆದ ಸಂಗತಿಯನ್ನು ಮಗನಿಗೆ ಆಮೇಲೆ ಹೇಳಿದ್ದೇನೆ. ಅವನ ತಾಯಿಗೆ ಹೇಳಿಲ್ಲ. ನಮ್ಮ ಮನೆಯಲ್ಲಿ ಈ ಮಾಸಪತ್ರಿಕೆಯನ್ನು ಮೊದಲು ಬಿಡಿಸಿ ಓದುವವಳು ಅವಳೇ.