ಅಕ್ಕನ ಎದೆಯ ಕಿಂಡಿ

ನಮ್ಮ ಮನೆಯಲ್ಲಿ ಅಕ್ಕನಿಗೆ 'ನಂದಿ' ಎಂದು ಅಡ್ಡಹೆಸರು. ಕಾರಣವಿಷ್ಟೆ: ಮೈಸೂರಿನಲ್ಲಿದ್ದಾಗ ನಾವೆಲ್ಲ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಹತ್ತಲು ಹೊರಟರೆ, ಅವಳು ನಂದಿಯ ಬಳಿಗೆ ಬಂದವಳೇ ಏದುತ್ತ ಕುಳಿತುಬಿಡುತ್ತಿದ್ದಳು. "ಸೋಮಾರಿತನಕ್ಕೂ ಒಂದು ಮಿತಿ ಬೇಡವೇನೇ?" ಎಂದು ಅಮ್ಮ ಗದರುತ್ತಿದ್ದರು. ನಾನು ನಗುತ್ತಿದ್ದೆ. ಆ ನಗೆಯ ಲೆಕ್ಕ ಚುಕ್ತಾ ಆದದ್ದು ನಲವತ್ತು ವರ್ಷಗಳ ಮೇಲೆ, 2019ರಲ್ಲಿ, ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದ ಬಾಗಿಲಲ್ಲಿ.

ನ್ಯುಮೋನಿಯಾ ಎಂದು ಸೇರಿಸಿದ್ದೆವು. ವೆಂಟಿಲೇಟರ್ ಹಾಕಿದರು. ಜ್ವರ ಇಳಿಯಿತು, ಎಕ್ಸ್‌ರೇಯೂ ತಿಳಿಯಾಗುತ್ತ ಬಂತು. ಆದರೆ ರಕ್ತದ ಆಮ್ಲಜನಕ ಮಾತ್ರ ಮೇಲೇಳದು. ಯಂತ್ರದ ಒತ್ತಡ ಹೆಚ್ಚಿಸಿದಷ್ಟೂ ಅದು ಇಳಿಯುವುದು! ಆಗ ರಾತ್ರಿಪಾಳಿಯ ಕಿರಿಯ ಡಾಕ್ಟರಮ್ಮ ಒಬ್ಬರು ಎಕೋ ಯಂತ್ರವನ್ನು ಹಾಸಿಗೆಯ ಬಳಿಗೇ ತಳ್ಳಿಕೊಂಡು ಬಂದರು.

ಆಕೆ ಮಾಡಿದ್ದು ಬಲು ಸರಳ. ಉಪ್ಪುನೀರಿಗೆ ತುಸುವೇ ಗಾಳಿ ಬೆರೆಸಿ, ಎರಡು ಸಿರಿಂಜುಗಳ ನಡುವೆ ಅತ್ತಿತ್ತ ನೂಕಿ, ಆ ಸಣ್ಣ ಗುಳ್ಳೆಗಳನ್ನು ತೋಳಿನ ರಕ್ತನಾಳಕ್ಕೆ ಬಿಟ್ಟರು. ಅವು ಹೃದಯದ ಬಲಭಾಗಕ್ಕೆ ಬಂದು ಶ್ವಾಸಕೋಶದಲ್ಲಿ ಸೋಸಿಹೋಗಬೇಕು. ಅಕ್ಕನಲ್ಲಿ ಮೂರು ಬಡಿತ ಕಳೆಯುವುದರೊಳಗೆ ಎಡಭಾಗದಲ್ಲೂ ಮಂಡಕ್ಕಿ ಚೆಲ್ಲಿದಂತೆ ಕಾಣಿಸಿದವು. ಮೇಲಿನ ಎರಡು ಕೋಣೆಗಳ ನಡುಗೋಡೆಯಲ್ಲಿ ಹುಟ್ಟಿನಿಂದಲೇ ಕಿಂಡಿ! ಅಷ್ಟು ವರ್ಷ ಎಡದಿಂದ ಬಲಕ್ಕೆ ಸೋರುತ್ತಿದ್ದ ರಕ್ತ, ರೋಗದಿಂದಲೂ ಯಂತ್ರದಿಂದಲೂ ಬಲಗಡೆಯ ಒತ್ತಡ ಏರಲು, ಶ್ವಾಸಕೋಶವನ್ನು ಹಾಯದೆಯೇ ಎಡಕ್ಕೆ ನುಗ್ಗುತ್ತಿತ್ತು.

ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಚಿತ್ರ ತೋರಿಸಿದರು. "ಚಿಕ್ಕಂದಿನಲ್ಲಿ ಇವರಿಗೆ ಬೇಗ ಆಯಾಸವಾಗುತ್ತಿತ್ತೆ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು; ಬಾಯಿ ಬರಲಿಲ್ಲ.

ಆಮೇಲೆ ಓದಿ ತಿಳಿದೆ: 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಎಂಬ ವೈದ್ಯರೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಶಬ್ದದ ಮಾರ್ದನಿಯಿಂದ ಮೊದಲು ಹೃದಯವನ್ನು ನೋಡಿದ್ದು, ಲೋಹದ ಬಿರುಕು ಹುಡುಕಲೆಂದು ಮಾಡಿದ ಉಪಕರಣದಿಂದಲಂತೆ. ಉಕ್ಕಿನ ಬಿರುಕಿಗಿದ್ದಷ್ಟು ಗಮನ ಅಕ್ಕನ ಏದುಸಿರಿಗೆ ನಮ್ಮ ಮನೆಯಲ್ಲಿ ಸಿಕ್ಕಿರಲಿಲ್ಲ.

ಯಂತ್ರದ ಒತ್ತಡ ತಗ್ಗಿಸಿದರು, ಅಕ್ಕ ಚೇತರಿಸಿಕೊಂಡಳು. ಕೆಲವು ತಿಂಗಳ ಮೇಲೆ, ಎದೆ ಕೊಯ್ಯದೆ, ತೊಡೆಯ ರಕ್ತನಾಳದ ಮೂಲಕ ಪುಟ್ಟ ಮುಚ್ಚಳವೊಂದನ್ನು ಒಯ್ದು ಕಿಂಡಿಯನ್ನು ಮುಚ್ಚಿದರು.

ಕಳೆದ ವರ್ಷ ಇಬ್ಬರೂ ಬೆಟ್ಟ ಹತ್ತಿದೆವು. ನಂದಿಯ ಬಳಿ ಅವಳು ಕುಳಿತಳು. ನಾನು ಗಾಬರಿಯಾದೆ.

"ನನಗೇನಿಲ್ಲ ಕಣೋ, ಏದುತ್ತಿರುವವನು ನೀನು. ಕೂತುಕೋ," ಎಂದಳು.