ಕೆಂಪು ತಂತಿ, ಕಪ್ಪು ತಂತಿ

ನಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ, ಕಾಸರಗೋಡಿನ ಎಲ್ಲ ದಾರಿಗಳಂತೆ, ಒಂದು ಮುರಕಲ್ಲಿನ ಗುಡ್ಡ ಉಂಟು. ಆ ಏರಿಗೆಂದೇ ನಾನು ವಿದ್ಯುತ್ ಸೈಕಲ್ ಕೊಂಡದ್ದು. ಮೊದಲ ವರ್ಷ ಸಲೀಸಾಗಿ ಏರಿತು. ಎರಡನೆಯ ವರ್ಷ ಅರ್ಧ ಏರುವುದರೊಳಗೆ ಸುಸ್ತಾಗತೊಡಗಿತು. ನಾನು ಅದನ್ನು ದೂಡಿಕೊಂಡು ಬರುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಕೆಲವರು ನಕ್ಕದ್ದೂ ನನಗೆ ಗೊತ್ತು.

ತಪ್ಪು ನನ್ನದೇ. ದಿನಾ ರಾತ್ರಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಬೆಳಗಿನವರೆಗೂ ಬಿಡುತ್ತಿದ್ದೆ. ಅದೂ ಎಲ್ಲಿ? ಚಾವಡಿಯಲ್ಲಿ, ಅಮ್ಮ ಮಲಗುವ ಮಂಚದ ಬುಡದಲ್ಲಿ. 36 ವೋಲ್ಟಿನ ಈ ಬ್ಯಾಟರಿಯೊಳಗೆ 10 ಲಿಥಿಯಂ ಕೋಶಗಳು ಸರಣಿಯಲ್ಲಿರುತ್ತವೆ. ಒಂದೊಂದಕ್ಕೆ 4.2ರಂತೆ ಒಟ್ಟು 42 ವೋಲ್ಟ್ ಆದರೆ ಭರ್ತಿ. ಸದಾ ಹೊಟ್ಟೆಬಿರಿಯೆ ಉಂಡು ಕೂತಿದ್ದರೆ ಕೋಶಗಳು ಬೇಗ ಮುದಿಯಾಗುತ್ತವೆ. 41ಕ್ಕೆ ನಿಲ್ಲಿಸಿದರೆ ಓಟ ತುಸು ಕಡಿಮೆ, ಬಾಳಿಕೆ ಹೆಚ್ಚು.

ಹೊಸ ಬ್ಯಾಟರಿಯ ಜತೆಗೆ ಒಂದು ಚಾರ್ಜ್ ನಿಯಂತ್ರಕವನ್ನೂ ತಂದೆ. ಚಾರ್ಜರಿಗೂ ಬ್ಯಾಟರಿಗೂ ನಡುವೆ ಕೂತು, ನಾವು ಹೇಳಿದ ಅಂಕಿ ಬಂದೊಡನೆ ವಿದ್ಯುತ್ತನ್ನು ಕಡಿಯುವುದು ಆ ಪುಟ್ಟ ಪೆಟ್ಟಿಗೆಯ ಕೆಲಸ. ನಾಲ್ಕೇ ತಂತಿ: ಚಾರ್ಜರಿನಿಂದ ಒಳಕ್ಕೆ ಎರಡು, ಬ್ಯಾಟರಿಯ ಕಡೆಗೆ ಎರಡು. ಕೆಂಪು ಧನ, ಕಪ್ಪು ಋಣ. ಇದರಲ್ಲಿ ಕಲಿಯಲಿಕ್ಕೆ ಏನುಂಟು ಎಂದುಕೊಂಡು ಒಂದು ಭಾನುವಾರ ಜಗಲಿಯಲ್ಲಿ ಕೂತು ಸ್ಕ್ರೂ ಬಿಗಿದೆ. ಬ್ಯಾಟರಿಯ ಕೆಂಪು ತಂತಿಗೆ ಫ್ಯೂಸನ್ನೂ ಹಾಕಿದ್ದೆ. ಅಷ್ಟು ಬುದ್ಧಿ ಇತ್ತು.

ಇನ್ನೇನು ಜೋಡಿಸಬೇಕು ಎನ್ನುವಾಗ ಒಂಬತ್ತನೆಯಲ್ಲಿ ಓದುವ ಮಗಳು ಬಂದಳು.

“ಅಪ್ಪಾ, ಮೀಟರ್ ಹಿಡಿದು ನೋಡಿ ಆಯಿತಾ?”

“ಯಾಕೆ, ಬಣ್ಣ ಕಾಣುವುದಿಲ್ಲವಾ?”

ಅವಳು ಉತ್ತರ ಕೊಡಲಿಲ್ಲ. ಚಾರ್ಜರಿನ ಕಡೆಯ ಎರಡು ತಂತಿಗಳನ್ನು ಪೆಟ್ಟಿಗೆಯಿಂದ ಬಿಡಿಸಿ, ಮೀಟರಿನ ಕೆಂಪು ಕಡ್ಡಿಯನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಹಿಡಿದು, ಚಾರ್ಜರ್ ಹಾಕಲು ಹೇಳಿದಳು. ಅಂಕಿ ಬಂತು: 42. ಅದರ ಎಡಗಡೆ ಒಂದು ಸಣ್ಣ ಗೆರೆ. ಋಣ! ಚಾರ್ಜರಿನ ಪಿನ್ನು ಚುಚ್ಚಲೆಂದು ಪೇಟೆಯಿಂದ ತಂದಿದ್ದ ತುಂಡು ತಂತಿಯಲ್ಲೇ ಬಣ್ಣಗಳು ಅದಲುಬದಲಾಗಿದ್ದವು. ಹಾಗೆಯೇ ಜೋಡಿಸಿದ್ದರೆ ಚಾರ್ಜರೋ ನಿಯಂತ್ರಕವೋ ಸುಟ್ಟುಹೋಗಬಹುದಿತ್ತು. ಫ್ಯೂಸ್ ಇಲ್ಲದಿದ್ದರೆ ಇನ್ನೇನಾಗುತ್ತಿತ್ತೋ. ಮಂಚದ ಬುಡ ನೆನಪಾಗಿ ನನಗೆ ಬೆವರು ಬಂತು.

ಒಂದು ಒತ್ತು ಹೆಚ್ಚಾಗಿ ‘ಕತೆ’ ‘ಕತ್ತೆ’ಯಾದರೆ ಅರ್ಧ ಅಂಕ ಕಳೆಯುವವನು ನಾನು. ಈ ಗೆರೆಗೆ ಎಷ್ಟು ಕಳೆಯಬೇಕೆಂದು ಮಗಳು ಕೇಳಲಿಲ್ಲ, ಪುಣ್ಯ.

ತಂತಿ ಬದಲಿಸಿ, ಇನ್ನೊಮ್ಮೆ ಅಳೆದು, ಮೊದಲು ಬ್ಯಾಟರಿ, ಆಮೇಲೆ ಚಾರ್ಜರ್ ಜೋಡಿಸಿದೆವು. 41 ಬಂದಾಗ ಪೆಟ್ಟಿಗೆಯೊಳಗೆ ‘ಟಿಕ್’ ಎಂದಿತು. ಆದರೂ ಯಂತ್ರ ತಪ್ಪದೆಂದು ನಂಬುವುದು ಹೇಗೆ? ಈಗ ಚಾರ್ಜು ಮಾಡುವುದು ಸಂಜೆ ಹೊತ್ತು, ಜಗಲಿಯಲ್ಲಿ, ನಾವೆಲ್ಲ ಎದ್ದಿರುವಾಗ. ಚಾರ್ಜರಿನ ಹಸಿರು ದೀಪ ಕಾಣದೆ ಅಮ್ಮನಿಗೆ ಮೊದಲೆರಡು ರಾತ್ರಿ ನಿದ್ದೆಯೇ ಬರಲಿಲ್ಲವಂತೆ.