ಹೊಸ ಫಿಲ್ಮ್ ಕ್ಯಾಮೆರಾ ಬೇಕೆ?

ಕಳೆದ ದೀಪಾವಳಿಗೆ ಕೊಳಾಲದ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗಳು, ಊಟವಾದ ಮೇಲೆ ಎಲ್ಲರೂ ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ, ತನಗೊಂದು ಫಿಲ್ಮ್ ಕ್ಯಾಮೆರಾ ಬೇಕೆಂದು ಮೆಲ್ಲನೆ ತಿಳಿಸಿದಳು. ಹಳೆಯದಲ್ಲ, ಹೊಸದು. ಜಪಾನಿನ ರಿಕೋ ಕಂಪನಿಯವರು ಪೆಂಟಾಕ್ಸ್ 17 ಎಂಬ ಹೆಸರಿನಲ್ಲಿ 2024ರ ಜೂನ್ ತಿಂಗಳಿನಲ್ಲಿ ಅಂತಹದೊಂದನ್ನು ಹೊರತಂದಿರುವರಂತೆ. ಹೊರಬಂದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 500 ಡಾಲರು ಇದ್ದಿತು. ಅವಳ ತಂದೆಯವರು ಕೇಳಿ ನಕ್ಕುಬಿಟ್ಟರು. "ಕೈಯಲ್ಲಿ ಫೋನಿದೆ, ಅದರಲ್ಲಿ ಸಾವಿರ ಪಟ ತೆಗೆಯಬಹುದು. ಈ ಕಾಲದಲ್ಲಿ ಫಿಲ್ಮಿನ ಕ್ಯಾಮೆರಾ ಮಾಡುವವನು ಎತ್ತಿನ ಗಾಡಿಗೆ ಕಾರ್ಖಾನೆ ತೆರೆಯುವವನ ಹಾಗೆಯೇ ಸರಿ" ಎಂದರು. ನಾವೂ ಅವರೊಡನೆ ನಕ್ಕೆವು. ಹುಡುಗಿ ಮಾತ್ರ ನಗಲಿಲ್ಲ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಎದ್ದು ತಂದೆಯವರ ಟ್ರಂಕನ್ನು ತೆರೆದೆವು. ಅವರು 1972ರಲ್ಲಿ ತಮ್ಮ ಉಪಾಧ್ಯಾಯ ವೃತ್ತಿಯ ಸಂಬಳದಲ್ಲಿ ಉಳಿಸಿ ಕೊಂಡಿದ್ದ ಆಗ್ಫಾ ಕ್ಲಿಕ್ ಮೂರು ಎಂಬ ಕ್ಯಾಮೆರಾ ಪಂಚೆಯೊಂದರಲ್ಲಿ ಸುತ್ತಿದ ಹಾಗೆಯೇ ಇದ್ದಿತು. ಅದು ನಮ್ಮ ದೇಶದಲ್ಲಿಯೇ ತಯಾರಾದುದು. ಒಂದು ಸುರುಳಿಗೆ ಹನ್ನೆರಡೇ ಪಟ. ಬಿಸಿಲಿಗೆ, ಮೋಡಕ್ಕೆ ಎಂದು ಗುರುತು. ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕಿಯನ್ನು ನೋಡಿಕೊಂಡು ಸುರುಳಿಯನ್ನು ತಿರುಗಿಸಬೇಕು. ಹನ್ನೆರಡು ಪಟಗಳು ಮುಗಿಯುವುದಕ್ಕೆ ನಮ್ಮ ಮನೆಯಲ್ಲಿ ಒಂದು ವರ್ಷ ಹಿಡಿಯುತ್ತಿದ್ದಿತು. ಯುಗಾದಿಗೊಂದು, ಕರು ಹಾಕಿದ ಹಸುವಿಗೊಂದು, ಕೆರೆ ಕೋಡಿ ಬಿದ್ದ ವರ್ಷ ಏರಿಯ ಮೇಲೊಂದು. ಪಟ ತೆಗೆದರೆ ಆಯುಸ್ಸು ಕುಂದುವುದೆಂದು ನಂಬಿದ್ದ ನಮ್ಮ ಅಜ್ಜಿಯವರನ್ನು 1974ರಲ್ಲಿ ಹುಣಸೆಮರದ ಕೆಳಗೆ ಕುಳ್ಳಿರಿಸಲು ತಂದೆಯವರು ಮೂರು ದಿನ ಕಾಡಿದರು. ಅಜ್ಜಿಯವರು ಕೊನೆಗೆ ಕುಳಿತರು. ಆದರೆ ಕ್ಯಾಮೆರಾವನ್ನು ನೋಡಲಿಲ್ಲ, ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಇದ್ದರು. ಅವರದೆಂದು ನಮ್ಮಲ್ಲಿ ಇರುವ ಪಟ ಅದೊಂದೇ. ಅದರ ನೆಗೆಟಿವನ್ನು ಐವತ್ತು ವರ್ಷಗಳ ಮೇಲೆ ಬೆಂಗಳೂರಿಗೆ ಕೊಟ್ಟು ಮುದ್ರಿಸಿದಾಗ ಅಜ್ಜಿಯವರ ಬೆರಳಿಗಂಟಿದ ಹುಣಸೆಯ ನಾರೂ ಕಾಣಿಸಿತು.

ಹಾಗೆಂದು ಫಿಲ್ಮು ಎಂದಿಗೂ ಮೋಸಮಾಡದೆಂದು ನಾವು ಹೇಳಲಾರೆವು. 1983ರಲ್ಲಿ ಇದೇ ತಂಗಿಯ ಮದುವೆಯಾಯಿತು. ಹಣದ ಅಡಚಣೆಯಿದ್ದುದರಿಂದ ಫೋಟೋದವರನ್ನು ಕರೆಯಿಸಲಿಲ್ಲ. ಕ್ಲಿಕ್ ಹಿಡಿದು ನಾವೇ ನಿಂತೆವು. ಸುರುಳಿಯನ್ನು ಪಟ್ಟಣದ ಒಂದು ಸ್ಟುಡಿಯೋಕ್ಕೆ ತೊಳೆಯಲು ಕೊಟ್ಟೆವು. ತೊಳೆಯುವವನು ಕತ್ತಲೆಕೋಣೆಯ ಬಾಗಿಲನ್ನು ತೆರೆದನೋ, ನಾವೇ ಸುರುಳಿಯನ್ನು ಬಿಗಿಯಾಗಿ ಸುತ್ತಲಿಲ್ಲವೋ, ಹನ್ನೆರಡೂ ಪಟಗಳು ಬೆಳಕು ಬಿದ್ದು ಕಪ್ಪಾಗಿ ಬಂದವು. "ಅಣ್ಣಾ, ನನ್ನ ಧಾರೆಯದು ಒಂದಾದರೂ ಇಲ್ಲವಲ್ಲ" ಎಂದು ತಂಗಿ ಅಂದು ಅಂದ ಮಾತು ಈಗಲೂ ನಮ್ಮ ಕಿವಿಯಲ್ಲಿದೆ. ಆಕೆ ಮತ್ತೆಂದೂ ಆ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ನಮಗೆ ಹಗುರವಾಗುತ್ತಿದ್ದಿತು.

ಮರುದಿನ ಬೆಳಿಗ್ಗೆ ಆ ಕ್ಯಾಮೆರಾವನ್ನೇ ಹುಡುಗಿಗೆ ಕೊಟ್ಟು, "ಇದಿರುವಾಗ ಹೊಸದೇಕೆ?" ಎಂದೆವು. ಅವಳು ಗುಂಡಿಯನ್ನು ಒತ್ತಿದಳು, ಸದ್ದಿಲ್ಲ. ಒಳಗಿನ ಸ್ಪ್ರಿಂಗು ಮುರಿದಿದ್ದಿತು. ಬೆಂಗಳೂರಿನಲ್ಲಿ ಹುಡುಕಿ ಒಬ್ಬ ವೃದ್ಧ ರಿಪೇರಿಯವರನ್ನು ಕಂಡೆವು. ಅವರು ಕನ್ನಡಕವನ್ನು ಹಣೆಗೇರಿಸಿ, ಈ ಸ್ಪ್ರಿಂಗು ಎಲ್ಲಿಯೂ ಸಿಕ್ಕುವುದಿಲ್ಲ, ಕೆಟ್ಟುಹೋದ ಇನ್ನೊಂದು ಕ್ಯಾಮೆರಾದಿಂದ ಕಿತ್ತು ಹಾಕಬೇಕು ಎಂದರು. ತಮ್ಮ ಮಗ ಬೇರೆ ಕೆಲಸಕ್ಕೆ ಹೋಗಿರುವನೆಂದೂ, ಈ ವಿದ್ಯೆಯನ್ನು ಕಲಿಯಲು ಯಾರೂ ಬಂದಿಲ್ಲವೆಂದೂ ತಾವಾಗಿಯೇ ಹೇಳಿದರು.

ನಮ್ಮ ಅಭಿಪ್ರಾಯವು ತಿರುಗಿದುದು ಆ ಅಂಗಡಿಯಲ್ಲಿ. ಹಳೆಯ ಕ್ಯಾಮೆರಾಗಳು ಲೋಕದಲ್ಲಿ ಬೇಕಾದಷ್ಟಿವೆ, ಹೊಸದರ ಅಗತ್ಯವಿಲ್ಲ ಎಂಬುದು ಕೇಳಲು ಯುಕ್ತವಾಗಿಯೇ ಇದೆ. ಆದರೆ ಒಂದನ್ನು ಬದುಕಿಸಲು ಇನ್ನೊಂದನ್ನು ಕೊಲ್ಲಬೇಕಾದರೆ ಆ ರಾಶಿಯು ಎಷ್ಟು ದಿನ ಉಳಿದೀತು? ಕ್ಯಾನನ್ ಕಂಪನಿಯು ತನ್ನ ಕೊನೆಯ ಫಿಲ್ಮ್ ಕ್ಯಾಮೆರಾದ ಮಾರಾಟವನ್ನು ನಿಲ್ಲಿಸಿದುದಾಗಿ 2018ರಲ್ಲಿ ಸಾರಿತು. ನಿಕಾನಿನ ಎಫ್6 2020ರಲ್ಲಿ ನಿಂತಿತು. ಲೈಕಾ ಕಂಪನಿಯವರು 2022ರಲ್ಲಿ ತಮ್ಮ ಹಳೆಯ ಎಂ6 ಅನ್ನು ಮತ್ತೆ ತಯಾರಿಸಿದರಾದರೂ, 5,000 ಡಾಲರಿಗೂ ಮಿಕ್ಕ ಆ ಒಡವೆಯ ಮಾತು ನಮ್ಮಂತಹವರಿಗೆ ಬೇಡ. ಪೆಂಟಾಕ್ಸಿನವರ ಸಂಗತಿಯಲ್ಲಿ ನಮ್ಮ ಮನಸ್ಸಿಗೆ ಹಿಡಿದ ವಿಷಯವು ಬೇರೆ. 2022ರ ಡಿಸೆಂಬರಿನಲ್ಲಿ ಈ ಕೆಲಸವನ್ನು ಪ್ರಕಟಿಸಿದಾಗ, ಕೈಯಿಂದ ಫಿಲ್ಮನ್ನು ಮುಂದಕ್ಕೆಳೆಯುವ ಸನ್ನೆಯನ್ನು ಮಾಡಬಲ್ಲವರು ಅವರಲ್ಲಿಯೇ ವಿರಳವಾಗಿದ್ದರು. ನಿವೃತ್ತರಾಗಿದ್ದ ಹಿರಿಯರ ಸಲಹೆಯನ್ನು ಕೇಳಿ ಎಳೆಯ ಎಂಜಿನಿಯರುಗಳು ಅದನ್ನು ಕಲಿತರು. ಹತ್ತು ವರ್ಷ ತಡಮಾಡಿದ್ದರೆ ಕೇಳಲು ಯಾರಿರುತ್ತಿದ್ದರೋ!

ಕ್ಯಾಮೆರಾ ಮಾಡಿದರೆ ಸಾಲದು. ಇದನ್ನು ನಮ್ಮ ಮೈಸೂರು ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಗುಂಡ್ಲುಪೇಟೆ ಬಂಡೀಪುರಗಳನ್ನು ದಾಟಿ ಘಟ್ಟವನ್ನೇರಿದರೆ ಉದಕಮಂಡಲ. ಧೂಳಿಲ್ಲದ ತಂಪು ಗಾಳಿಯ ಆ ಸ್ಥಳದಲ್ಲಿ, 1960ರಲ್ಲಿ ಸ್ಥಾಪಿತವಾದ ಸರ್ಕಾರದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯು ಫ್ರಾನ್ಸಿನ ಕಂಪನಿಯೊಂದರ ಸಹಾಯದಿಂದ 1967ರಲ್ಲಿ ತಯಾರಿಕೆಯನ್ನಾರಂಭಿಸಿತು. ಅದರ ಫಿಲ್ಮಿನ ಹೆಸರು 'ಇಂದು'. ಚಂದ್ರನ ಹೆಸರು, ಬೆಳ್ಳಿಯ ಲವಣವನ್ನು ಲೇಪಿಸಿದ ಪದಾರ್ಥಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ಕವಿಗಳೂ ಇಡಲಾರರು. ತಂದೆಯವರು ಅದನ್ನೇ ಕೊಳ್ಳುತ್ತಿದ್ದರು. 1990ರ ದಶಕದಲ್ಲಿಯೇ ಆ ಕಾರ್ಖಾನೆಯು ನಷ್ಟದಲ್ಲಿ ಮುಳುಗಿ, ಮೆಲ್ಲಮೆಲ್ಲನೆ ಕುಂದಿ, ಮುಚ್ಚಿಹೋಯಿತು. ನಮ್ಮ ಕ್ಲಿಕ್ ಟ್ರಂಕನ್ನು ಸೇರಿದುದು ಸ್ಪ್ರಿಂಗು ಮುರಿದುದರಿಂದಲ್ಲ. ಕೊರಟಗೆರೆಯ ಅಂಗಡಿಯಲ್ಲಿ ಸುರುಳಿ ಸಿಕ್ಕದೆ ಹೋದುದರಿಂದ. ಸ್ಪ್ರಿಂಗು ಮುರಿದುದು ಆಮೇಲೆ ಎಂದೋ.

ಆದುದರಿಂದ ಹೊಸ ಕ್ಯಾಮೆರಾವನ್ನು ಮಾಡುವವರು ಮಾಡಲಿ, ಖಂಡಿತ ಮಾಡಲಿ. ಆದರೆ ಬಿಚ್ಚಿ ಸರಿಪಡಿಸಬಹುದಾದಂತೆ ಮಾಡಲಿ, ಬಿಡಿಭಾಗಗಳನ್ನು ಇಪ್ಪತ್ತು ವರ್ಷ ಕೊಡುವೆವೆಂದು ಮಾತು ಕೊಡಲಿ, ಫಿಲ್ಮು ಮಾಡುವವರ ಕೈಹಿಡಿದು ನಡೆಯಲಿ. ಪೆಂಟಾಕ್ಸಿನದು ಫಿಲ್ಮಿನ ಒಂದು ಚೌಕದಲ್ಲಿ ಎರಡು ಪಟಗಳನ್ನು ಕೂಡಿಸುವುದಂತೆ. 36 ಪಟಗಳ ಸುರುಳಿಯಲ್ಲಿ 72 ಬರುವುವು. ಸುರುಳಿಯ ಬೆಲೆ ಏರಿರುವ ಈಗ ಇದು ಗೃಹಿಣಿಯ ಲೆಕ್ಕ, ನಮಗೆ ಒಪ್ಪಿಗೆಯಾಯಿತು. ಹುಡುಗಿಗೆ ಅರ್ಧ ಹಣವನ್ನು ಕೊಡಲು ಒಪ್ಪಿಕೊಂಡಿದ್ದೇವೆ. ಅರ್ಧ ಪಟದ ಕ್ಯಾಮೆರಾಕ್ಕೆ ಅರ್ಧ ಹಣವೇ ನ್ಯಾಯವೆಂದು ಅವಳ ತಂದೆಯವರ ಹಾಸ್ಯ.

ಇತ್ತ ರಿಪೇರಿಯವರು ಎಲ್ಲಿಂದಲೋ ಸ್ಪ್ರಿಂಗನ್ನು ತಂದು ಕ್ಲಿಕ್ಕಿಗೆ ಜೀವ ಕೊಟ್ಟರು. ಸಂಕ್ರಾಂತಿಯ ದಿನ ಹುಡುಗಿ ಸುರುಳಿಯನ್ನು ಹಾಕಿಕೊಂಡು ಬಂದಳು. "ಮಾವ, ನೀವೇ ತೆಗೆಯಿರಿ" ಎಂದು ಕ್ಯಾಮೆರಾವನ್ನು ನಮ್ಮ ಕೈಯಲ್ಲಿಟ್ಟಳು. ತಂಗಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಧಾರೆಯ ಸೀರೆಯನ್ನುಟ್ಟಿದ್ದಳು. ಮಡಿಕೆಯಲ್ಲಿ ಜರಿ ಬಿರಿದಿದ್ದಿತು. ಭಾವನವರು ನಾಚಿಕೆಯಿಂದ ಗೊಣಗಿಕೊಂಡು ಪಕ್ಕದಲ್ಲಿ ನಿಂತರು. ನಾವು ಬಿಸಿಲಿನ ಗುರುತಿಗೆ ತಿರುಗಿಸಿ, ಉಸಿರು ಹಿಡಿದು, ಮೂರು ಪಟಗಳನ್ನು ತೆಗೆದೆವು. ಉಳಿದ ಒಂಬತ್ತನ್ನು ಹುಡುಗಿ ಮುಗಿಸಿದಳು. ಸುರುಳಿಯನ್ನು ನಾಲ್ಕು ಸಲ ಎಣಿಸಿ ಬಿಗಿಯಾಗಿ ಸುತ್ತಿ, ಕಪ್ಪು ಕಾಗದದಲ್ಲಿಟ್ಟು ಬೆಂಗಳೂರಿಗೆ ಕಳುಹಿಸಿದ್ದಾಯಿತು. ಇನ್ನೂ ಬಂದಿಲ್ಲ. ಅಂಚೆಯವನು ಬರುವ ಹೊತ್ತಿಗೆ ತಂಗಿಯ ಊರಿನಿಂದ ದಿನವೂ ಒಮ್ಮೆ ನಮಗೆ ಫೋನು ಬರುತ್ತದೆ. ಬೇರೆ ಏನೇನೋ ವಿಚಾರಿಸುತ್ತಾಳೆ.